ಮದ್ದು ತೋಟಕ್ಕೋ, ಪಕ್ಕದ ಮನೆಯ ಬಾವಿಗೋ?

ಮೇಲಿನಿಂದ ಮದ್ದು ಬಿಡುವುದೆಂದರೆ ಈಗ ತೋಟದವರಿಗೆ ಭಾರೀ ಉಮೇದು. ಅಡಿಕೆ ಮರ ಏರುವ ಜನ ಸಿಗುವುದಿಲ್ಲ. ಡ್ರೋನ್ ಬಂದರೆ ಎಕರೆಯ ಕೆಲಸ ನಿಮಿಷಗಳಲ್ಲಿ ಪೂರೈಸಿತು. ಬೇಡ ಅನ್ನುವವರು ಯಾರು ಸ್ವಾಮಿ? ಆದರೆ ಮಿಜಾರಿನಂಥ ಊರಿನಲ್ಲಿ ತೋಟದ ಬದಿಗೇ ಬಾವಿ, ಬಾವಿಯ ಬದಿಗೇ ಹಟ್ಟಿ. ಮದ್ದಿಗೆ ಗಡಿಕಲ್ಲು ಕಾಣುತ್ತದೆಯೇ?

ನಮ್ಮ ಜಿಲ್ಲೆ ಇದನ್ನು ಒಮ್ಮೆ ಉಂಡದ್ದೇ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ಗುಡ್ಡೆಗಳಿಗೆ ಗೇರು ಅಭಿವೃದ್ಧಿ ನಿಗಮ 1980ರ ದಶಕದಿಂದ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿಯಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯಲ್ಲೂ ಅದೇ ಕಥೆ, ಅಲ್ಲಿ ಸುರಿದದ್ದು ಕೇರಳದ ಪ್ಲಾಂಟೇಶನ್ ನಿಗಮ. ಕೊಲ್ಲಬೇಕಾಗಿದ್ದದ್ದು ಗೇರು ಹೂವಿಗೆ ಬರುವ ಟೀ ಸೊಳ್ಳೆಯನ್ನು. ನರಳಿದ್ದು ಗುಡ್ಡೆಯ ಕೆಳಗಿನ ಮನೆಗಳ ಮಕ್ಕಳು. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಹಾಸಿಗೆ ಹಿಡಿದ ಮಕ್ಕಳು ದೊಡ್ಡವರಾಗಿದ್ದರು. ಕೊಕ್ಕಡದಲ್ಲಿ ಅವರಿಗಾಗಿ ಪಾಲನಾ ಕೇಂದ್ರವನ್ನೇ ತೆರೆಯಬೇಕಾಯಿತು.

ಡ್ರೋನ್ ಹೆಲಿಕಾಪ್ಟರ್ ಅಲ್ಲ, ಒಪ್ಪುವಾ. ತಗ್ಗಿನಲ್ಲಿ ಹಾರುತ್ತದೆ. ಆದರೆ ಎಕರೆಗೆ ಸುಮಾರು ಹತ್ತೇ ಲೀಟರ್ ಬಿಡುವುದರಿಂದ ಮದ್ದು ದಪ್ಪ, ಹನಿ ಸಣ್ಣ. ಸಣ್ಣ ಹನಿ ಬೇಗ ಕೆಳಗಿಳಿಯುವುದಿಲ್ಲ. ಮಧ್ಯಾಹ್ನ ಪಡುಗಾಳಿ ಎದ್ದರೆ ಎಲ್ಲಿಗೆ ಹೋದೀತೆಂದು ಹಾರಿಸುವವನಿಗೂ ಹೇಳಲಿಕ್ಕಾಗದು. ಕಳೆಮದ್ದಾದರಂತೂ ಆಚೆಮನೆಯ ಬಸಳೆ ಚಪ್ಪರ ಕರಟಿದಾಗಲೇ ಗೊತ್ತಾಗುವುದು!

ಕಾನೂನು ಇಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ 43ನೆಯದು ಇದಕ್ಕೆಂದೇ ಇದೆ. ಆಕಾಶದಿಂದ ಮದ್ದು ಬಿಡುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಊರವರಿಗೆ ತಿಳಿಸಬೇಕು, ಜಾಗ ಗುರುತಿಸಬೇಕು, ಜನ-ಜಾನುವಾರು ಅತ್ತ ಹೋಗದಂತೆ ತಡೆಯಬೇಕು. ಕಳೆಮದ್ದೂ ಇದೇ ಕಾಯಿದೆಯ ಕೆಳಗೆ ಬರುತ್ತದೆ. ಹೆಲಿಕಾಪ್ಟರ್ ಕಾಲದಲ್ಲೂ ಈ ನಿಯಮ ಪುಸ್ತಕದಲ್ಲಿತ್ತು. ಪುಸ್ತಕದಲ್ಲೇ ಉಳಿಯಿತು, ಅಷ್ಟೆ.

ತೆಂಕಮಿಜಾರು ಪಂಚಾಯತಿಗೆ ಇದರಲ್ಲಿ ದೊಡ್ಡ ಖರ್ಚೇನೂ ಇಲ್ಲ. ಯಾರ ತೋಟ, ಯಾವ ಮದ್ದು, ಎಷ್ಟು ಗಂಟೆಗೆ ಎಂದು ಹಿಂದಿನ ದಿನವೇ ಹಾಲಿನ ಸೊಸೈಟಿಯ ಬೋರ್ಡಿನಲ್ಲಿ ಬರೆದರೆ ಸಾಕು. ಬಾವಿ ಮುಚ್ಚುವವರು ಮುಚ್ಚಿಕೊಳ್ಳುತ್ತಾರೆ, ದನ ಕಟ್ಟುವವರು ಕಟ್ಟಿಕೊಳ್ಳುತ್ತಾರೆ. ಮದ್ದಿನಂಗಡಿಯವರೂ ಹೆಸರು ಸರಿಯಾಗಿ ಬರೆದ ಬಿಲ್ಲು ಕೊಡಲಿ. ನಾಳೆ ಮೂಡಬಿದಿರೆ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳುವುದು ಅದನ್ನೇ.