ಬೆಕ್ಕು ಅಬ್ಬಾನದು, ಹೊಲಸು ಸೊಸೆಯದೇ?

ಕಳೆದ ಚಳಿಗಾಲದ ಒಂದು ಸಂಜೆ ಹಳೇ ಹುಬ್ಬಳ್ಳಿಯ ಒಂದು ಕುಟುಂಬ ನನ್ನ ದವಾಖಾನೆಗೆ ಬಂತು. ತಾಯಿ, ಮಗ, ಮೂರು ತಿಂಗಳ ಗರ್ಭಿಣಿ ಸೊಸೆ. ಯಾರಿಗೂ ಕಾಯಿಲೆ ಇರಲಿಲ್ಲ. ಮನೆಯ ಯಜಮಾನರು ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು. ಅವರು ಒಳಗೆ ಬರಲು ಒಲ್ಲೆನೆಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. "ಬೆಕ್ಕು ಎಲ್ಲ್ಯರ ಬಿಟ್ಟು ಬರ್ರಿ ಅಂತ ನೀವಽ ಹೇಳ್ರಿ ಡಾಕ್ಟ್ರ. ನಮ್ಮ ಮಾತು ಕೇಳೂದಿಲ್ಲ ಅವರು" ಎಂದು ತಾಯಿ ತಗ್ಗಿದ ದನಿಯಲ್ಲಿ ಹೇಳಿದರು. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದೆಂದು ಯಾರೋ ಹೆದರಿಸಿದ್ದರಂತೆ.

ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಮನೆಯವರಿಗೆ, ಒಂದು ಪ್ರಶ್ನೆಯನ್ನೂ ಕೇಳದೆ, "ಬಿಟ್ಟುಬಿಡಿ" ಎಂದಿದ್ದೆ. ಮಗ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಗಣೇಶಪೇಟೆಯ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬಂದ. ಅಲ್ಲಿ ಮೀನಿನ ತಲೆ ಸಿಗುತ್ತದೆ, ಹೇಗೋ ಬದುಕಿಕೊಳ್ಳುತ್ತದೆ ಎಂಬ ಲೆಕ್ಕ. ಮನೆಯೊಳಗೆ ಬೆಳೆದ ಬೆಕ್ಕಿಗೆ ಬೀದಿನಾಯಿಯಿಂದ ಪಾರಾಗುವುದು ಎಲ್ಲಿ ಗೊತ್ತಿರುತ್ತದೆ? ಆ ಮನೆಯ ಹಿರಿಯರು ಫಜ್ರ್ ನಮಾಝ್ ಮುಗಿಸಿ ಎಷ್ಟೋ ದಿನ ಆ ಗಲ್ಲಿಗಳಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ತಿರುಗಿದರು. ಬೆಕ್ಕು ಸಿಗಲಿಲ್ಲ. ಆಮೇಲೆ ಅವರು ಬಿ.ಪಿ. ತೋರಿಸಲೂ ನನ್ನ ಬಳಿ ಬರಲಿಲ್ಲ. ತಪ್ಪು ನನ್ನದೇ.

ಹಾಗಾಗಿ ಈ ಸಲ ಮೊದಲು ಒಂದು ಪ್ರಶ್ನೆ ಕೇಳಿದೆ. "ಬೆಕ್ಕಿನ ಹೊಲಸು ದಿನಾ ಯಾರು ತೆಗೆಯುತ್ತೀರಿ?"

ಅತ್ತೆ ಸೊಸೆಯ ಮುಖ ನೋಡಿದರು. ಮಗ ಮೊಬೈಲ್ ನೋಡಿದ. "ನಾನಽ ತೆಗೀತೀನ್ರಿ" ಎಂದಳು ಆ ಹುಡುಗಿ.

ರೋಗದ ಬಾಗಿಲು ಅಲ್ಲಿದೆ, ಬೆಕ್ಕಿನಲ್ಲಿ ಅಲ್ಲ. ಬಸುರಿಯರ ವಿಷಯದಲ್ಲಿ ವೈದ್ಯರು ಹೆದರುವುದು ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗೆ. ಗರ್ಭಿಣಿಯಾಗಿದ್ದಾಗ ಮೊದಲ ಬಾರಿ ಇದು ತಗುಲಿದರೆ ಗರ್ಭಪಾತವಾಗಬಹುದು, ಮಗುವಿನ ಮಿದುಳಿಗೆ, ಕಣ್ಣಿಗೆ ಪೆಟ್ಟಾಗಬಹುದು. ಆದ್ದರಿಂದ ಹೆದರಿಕೆ ಸುಳ್ಳಲ್ಲ. ಆದರೆ ಅದು ಹರಡುವ ಬಗೆ ತಿಳಿದುಕೊಳ್ಳಿ. ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದು ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಈ ಜೀವಿಯ ಮೊಟ್ಟೆಯಂಥ ಕಣಗಳು ಬೀಳುತ್ತವೆ. ಬಿದ್ದ ಕೂಡಲೇ ಅವು ಸೋಂಕು ಹರಡಲಾರವು. ಅದಕ್ಕೆ ಒಂದರಿಂದ ಐದು ದಿನ ಬೇಕು. ಅಂದರೆ ಪ್ರತಿದಿನ ತೆಗೆದು ಹಾಕಿದರೆ ಅಪಾಯದ ಬಹುಪಾಲು ಅಲ್ಲೇ ಮುಗಿಯಿತು. ಮೂರು ದಿನ ಬಿಟ್ಟು ತೆಗೆದರೆ ಅದೇ ಮಣ್ಣು ವಿಷ. ಬೆಕ್ಕಿನ ತಲೆ ಸವರಿದ್ದರಿಂದ ಈ ರೋಗ ಬರುವುದು ತೀರಾ ಅಪರೂಪ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಹಿತ್ತಲಿನ ಮಣ್ಣು ಮುಟ್ಟಿದ ಕೈ, ಇವೂ ಇದರ ದಾರಿಗಳೇ. ಬೆಕ್ಕನ್ನು ಹೊರಗಟ್ಟಿದ ಮನೆಯಲ್ಲಿ ಬಕ್ರೀದಿನ ದಿನ ಸೊಸೆ ಹಸಿ ಮಾಂಸ ಹೆಚ್ಚಿ, ಅದೇ ಮಣೆಯ ಮೇಲೆ ಸೌತೆಕಾಯಿ ಹೆಚ್ಚುತ್ತಿದ್ದರೆ ಪ್ರಯೋಜನವೇನು? ಇನ್ನು ಆ ದಿನ ಬೆಕ್ಕಿಗೂ ಒಂದು ತುಂಡು ಹಸಿ ಕಲೇಜಿ ಎಸೆಯುವವರು ಸಾಮಾನ್ಯವಾಗಿ ಗಂಡಸರೇ. ಬೇಯಿಸಿ ಹಾಕಿ.

ಗರ್ಭಿಣಿ ಬೆಕ್ಕಿನ ಮಲ ತೆಗೆಯಬಾರದು, ಅಷ್ಟೇ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ಹಾಕಿಕೊಂಡು ತೆಗೆದು, ಸೋಪು ಹಚ್ಚಿ ಕೈ ತೊಳೆಯಬೇಕು. ಮೆಹಂದಿ ಗಿಡದ ಬುಡ ಅಗೆಯುವಾಗಲೂ ಇದೇ ನಿಯಮ. ರಕ್ತಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಕೆಯನ್ನು ನೋಡುತ್ತಿರುವ ಹೆರಿಗೆ ವೈದ್ಯರು ಹೇಳಲಿ.

ನಮ್ಮ ಗಂಡಸರ ಬೆಕ್ಕಿನ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಅದು ನಮಗೆ ಹೊಸದೂ ಅಲ್ಲ. ಹಝ್ರತ್ ಅಬೂ ಹುರೈರಾ(ರ)ರವರಿಗೆ ಆ ಹೆಸರು ಬಂದದ್ದೇ ಬೆಕ್ಕಿನ ಮರಿಯಿಂದ. ಮನೆಯ ಕುರಿ ಕಾಯುತ್ತಿದ್ದಾಗ ಹಗಲು ಮರಿಯನ್ನು ಜೊತೆಗೆ ಒಯ್ದು ಆಟವಾಡುತ್ತಿದ್ದರು, ರಾತ್ರಿ ಮರದ ಮೇಲೆ ಇಡುತ್ತಿದ್ದರು ಎಂದು ತಿರ್ಮಿದಿಯಲ್ಲಿದೆ. ಆದರೆ ಪ್ರವಾದಿವರ್ಯರ(ಸ) ಬೆಕ್ಕಿನ ಹೆಸರು ಮುಅಝ್ಝಾ ಎಂಬ ಕಥೆಯನ್ನು ವಾಟ್ಸಾಪ್‌ನಲ್ಲಿ ಕಳಿಸುವವರು ಸ್ವಲ್ಪ ತಡೆಯಿರಿ, ಪ್ರಮಾಣಬದ್ಧ ಹದೀಸ್ ಗ್ರಂಥಗಳಲ್ಲಿ ಅದಿಲ್ಲ.

ನನಗೆ ಹೆಚ್ಚು ಪ್ರಿಯವಾದದ್ದು ಅಬೂ ಕತಾದಾ(ರ)ರವರ ಘಟನೆ. ಸೊಸೆ ಕಬ್‌ಶಾ ವುಝೂವಿಗೆಂದು ಮಾವನಿಗೆ ನೀರಿಡುತ್ತಾರೆ. ಬೆಕ್ಕು ಬಂದಾಗ ಅವರು ಪಾತ್ರೆಯನ್ನೇ ಓರೆ ಮಾಡಿ ಅದಕ್ಕೆ ಕುಡಿಸುತ್ತಾರೆ. ಸೊಸೆ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸುತ್ತಾರೆ. ಮಸಲಾದ ಸೂಕ್ಷ್ಮಗಳನ್ನು ನಿಮ್ಮ ಇಮಾಮರಲ್ಲಿ ಕೇಳಿ, ನಾನು ವೈದ್ಯ. ನನ್ನ ಕಣ್ಣಿಗೆ ಬೀಳುವುದು ಬೇರೆಯೇ. ಪಾತ್ರೆ ಓರೆ ಮಾಡಿದವರು ಮಾವ. ಸೊಸೆಯನ್ನು ಕರೆದು ಬೆಕ್ಕಿಗೆ ನೀರು ಹಾಕು ಎನ್ನಲಿಲ್ಲ.

ನಮ್ಮಲ್ಲಿ ಹೇಗಿದೆ? ಬೆಕ್ಕು ಮಡಿಲಲ್ಲಿ ಮಲಗುವುದು ಅಬ್ಬಾನ ಬಳಿ. ಚಾಪೆ ಒದ್ದೆ ಮಾಡಿದರೆ ತೊಳೆಯುವುದು ಅಮ್ಮಿ. ಜಾನಮಾಝಿನ ಮೇಲೆ ಬೆಕ್ಕು ನಡೆದರೆ ಚಿಂತೆಯಿಲ್ಲ, ಆದರೆ ಮೂತ್ರ ಬಿದ್ದರೆ ಒಗೆಯಲೇಬೇಕು. ಒಗೆಯುವವರು ಯಾರು? ಮನೆಯ ಹೆಂಗಸರಿಗೆ ಬೆಕ್ಕಿನ ಮೇಲಿರುವ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕೆಲಸದ ಮೇಲಿನ ಸಿಟ್ಟು.

ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಓದುತ್ತೇವೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳು. ಗಾಳಿ, ಅನ್ನಪಾನ, ನಿದ್ದೆಗಳ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲೊಂದು. ನಲವತ್ತು ವರ್ಷ ಮಾತಿಗಿಂತ ಗದರಿಕೆಯಲ್ಲೇ ಮನೆ ನಡೆಸಿದ ಗಂಡಸು, ಡ್ಯೂಟಿ ಮುಗಿದ ಮೇಲೆ ಮಗನ ಹೆಗಲ ಮೇಲೆ ಕೈ ಇಡಲೂ ಸಂಕೋಚ ಪಡುತ್ತಾನೆ. ಬೆಕ್ಕಿನ ಮುಂದೆ ಆ ಸಂಕೋಚ ಇಲ್ಲ. ಬೆಕ್ಕು ಬಿ.ಪಿ.ಗೆ ಮದ್ದು ಎಂದು ನಾನು ಹೇಳುತ್ತಿಲ್ಲ, ಗುಳಿಗೆ ಬಿಡಬೇಡಿ. ಆದರೆ ಅಂಥವರ ಕೈಯಿಂದ ಬೆಕ್ಕು ಕಿತ್ತುಕೊಳ್ಳುವ ಮುನ್ನ ನಾಲ್ಕು ಸಲ ಯೋಚಿಸಿ. ಮನೆಯಲ್ಲಿ ದಮ್ಮಿನ ರೋಗಿಯಿದ್ದು, ಬೆಕ್ಕಿನಿಂದಲೇ ಉಬ್ಬಸ ಬರುತ್ತದೆಂದು ಖಚಿತವಾದರೆ ಮಾತು ಬೇರೆ. ಆಗಲೂ ಬೀದಿಗೆ ಬಿಡಬೇಡಿ, ನೋಡಿಕೊಳ್ಳುವ ಮನೆ ಹುಡುಕಿ ಕೊಡಿ.

ಇನ್ನು ಹಿರಿಯರೇ, ನಿಮಗೊಂದು ಮಾತು. "ನಮ್ಮ ಬೆಕ್ಕಲ್ಲ, ಏನೂ ಆಗೂದಿಲ್ಲ" ಎಂದು ಪರಚಿದ ಗಾಯವನ್ನು ತೋಳಿನ ಕೆಳಗೆ ಮುಚ್ಚಿಕೊಳ್ಳುತ್ತೀರಿ. ಹೇಳಿದರೆ ಬೆಕ್ಕು ಹೊರಗೆ ಹೋದೀತೆಂಬ ಭಯ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಯುನಾನಿ ಪದವಿ ಪಡೆದ ನಾನೇ ಹೇಳುತ್ತಿದ್ದೇನೆ, ಇದಕ್ಕೆ ನನ್ನ ಬಳಿ ಮದ್ದಿಲ್ಲ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಿಕೊಂಡು ಬರಬೇಡಿ. ಕಚ್ಚಿದ ಅಥವಾ ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಹಿಂದೆ ಕಿಮ್ಸ್ ಆಗಿದ್ದ ನಮ್ಮ ಕೆಎಂಸಿಆರ್‌ಐ‌ಗೋ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಈ ಲಸಿಕೆಯನ್ನು ಮೊದಲ ದಿನ ತೆಗೆದುಕೊಂಡ ಮೇಲೆ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ರಕ್ತ ಬಂದಿದ್ದರೆ ಗಾಯಕ್ಕೆ ಸೀರಮ್ ಕೂಡ ಬೇಕು, ಕೇಳಿ. ನಡುವೆ ಬಿಡಬೇಡಿ. ಬೆಕ್ಕಿಗೂ ಮೂರು ತಿಂಗಳಾದ ಮೇಲೆ ಪಶು ವೈದ್ಯರಲ್ಲಿ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ಸರದಿ ಯಾವಾಗ ಎಂದು ಬರೆಸಿಕೊಂಡು ಬನ್ನಿ.

ಆ ಸಂಜೆ ಬೆಂಚಿನ ಮೇಲಿದ್ದ ಚಾಚಾರನ್ನು ಒಳಗೆ ಕರೆದೆ. ತಲೆ ತಗ್ಗಿಸಿಯೇ ಬಂದರು. ಬೆಕ್ಕು ಇರಲಿ, ಆದರೆ ಮಣ್ಣಿನ ತಟ್ಟೆ ಇವತ್ತಿನಿಂದ ನಿಮ್ಮದು, ಸೊಸೆ ಮುಟ್ಟಕೂಡದು, ಒಂದು ದಿನವೂ ತಪ್ಪಕೂಡದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಫಜ್ರ್‌ಕಿಂತ ಮೊದಲ ತೆಗೀಲೋ, ಆಮ್ಯಾಲ ತೆಗೀಲೋ ಡಾಕ್ಟ್ರ?" ಎಂದು ಕೇಳಿದರು. ನಮಾಝ್ ಮುಗಿಸಿ ಬಂದು ತೆಗೆಯಿರಿ, ಮನೆಯವರು ಏಳುವುದರೊಳಗೆ ಕೆಲಸ ಮುಗಿದಿರುತ್ತದೆ ಎಂದೆ. ಸೊಸೆ ದುಪಟ್ಟಾದ ಅಂಚಿನಲ್ಲಿ ನಗು ಮುಚ್ಚಿಕೊಂಡಳು.