ನವೆಂಬರ್ 2: ಬೆಂಗಳೂರಿನಲ್ಲಿ ಮಲಗಿರುವ ನಮ್ಮ ಮೃತರು

ನವೆಂಬರ್ 1 ಪಶ್ಚಿಮ ಬೆಂಗಳೂರಿನಲ್ಲಿರುವ ನಮ್ಮ ಜನರಿಗೆ ಎರಡು ಹಬ್ಬಗಳ ದಿನ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಕನ್ನಡ ಬಾವುಟ ಹಾರುತ್ತದೆ. 1956ರಲ್ಲಿ ರಾಜ್ಯ ಒಂದಾದ ದಿನವದು. ಅಂದೇ ಧರ್ಮಸಭೆಗೆ ಸಕಲ ಸಂತರ ಹಬ್ಬ. ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಮೊದಲ ದಿನಕ್ಕೆ ಸರ್ಕಾರಿ ರಜೆ ಇದೆ, ಎರಡನೆಯದಕ್ಕೆ ಇಲ್ಲ.

ಕರಾವಳಿಯಿಂದ ಹೋಗಿ ಈ ಬಡಾವಣೆಗಳಲ್ಲಿ, ಕೆಂಗೇರಿಯಲ್ಲಿ ನೆಲೆಸಿದ ಕುಟುಂಬಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಊರಿನಲ್ಲಾದರೆ ಚರ್ಚಿನ ಪಕ್ಕದಲ್ಲೇ ಸ್ಮಶಾನ. ಬಲಿಪೂಜೆ ಮುಗಿಸಿ, ಹೂವು, ಮೇಣದಬತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಹೆತ್ತವರ ಸಮಾಧಿ. ಬೆಂಗಳೂರಿನಿಂದ ಸುಮಾರು 350 ಕಿ.ಮೀ. ದೂರ ಶಿರಾಡಿ ಘಾಟಿ ಇಳಿದು ಬಂದು, ಮತ್ತೆ ಕೆಲಸಕ್ಕೆ ಹಾಜರಾಗುವುದು ಎಲ್ಲರಿಗೂ ಸಾಧ್ಯವಿಲ್ಲ.

ಆದರೂ ದುಡಿಯಲು ಬೆಂಗಳೂರು, ಮಣ್ಣಾಗಲು ಊರು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಇದೆ. 2020 ಮತ್ತು 2021ರ ಕೋವಿಡ್ ಕಾಲ ಅದನ್ನು ಅಲುಗಾಡಿಸಿತು. ಕೆಂಗೇರಿ, ಸುಮನಹಳ್ಳಿ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತವು. ತಾವರೆಕೆರೆ ಬಳಿಯ ಗಿಡ್ಡೇನಹಳ್ಳಿಯಲ್ಲಿ 2021ರ ಏಪ್ರಿಲ್‌ನಲ್ಲಿ ಬಯಲಿನಲ್ಲೇ ಚಿತೆಗಳನ್ನು ಸಿದ್ಧಪಡಿಸಬೇಕಾಯಿತು. ಆ ದಿನಗಳಲ್ಲಿ ತೀರಿಕೊಂಡವರನ್ನು ಊರಿಗೆ ತರುವುದು ಬಹಳ ಮಂದಿಗೆ ಆಗಲಿಲ್ಲ. ಅವರ ಅಂತ್ಯಕ್ರಿಯೆ ನಗರದಲ್ಲೇ ನಡೆಯಿತು.

ಇಂಥವರ ಸ್ಮರಣೆ ಯಾರ ಹೊಣೆ? ಸಮಾಧಿಯ ದಾಖಲೆ ಊರಿನ ಚರ್ಚಿನ ಪುಸ್ತಕದಲ್ಲಿಲ್ಲ. ಆದುದರಿಂದ ಇಲ್ಲಿ ವರ್ಷದ ಮೃತರ ಹೆಸರು ಓದುವಾಗ ಅವರ ಹೆಸರು ಬಿಟ್ಟುಹೋಗಬಹುದು. ಅಲ್ಲಿ ಬಾಡಿಗೆ ಮನೆ ಬದಲಿಸುತ್ತಾ ಧರ್ಮಕೇಂದ್ರವನ್ನೂ ಬದಲಿಸಿದ ಕುಟುಂಬವನ್ನು ಗುರುತಿಸುವವರು ಕಡಿಮೆ. ಎರಡು ಧರ್ಮಕೇಂದ್ರಗಳ ನಡುವೆ ಒಬ್ಬ ವಿಶ್ವಾಸಿ ಮರೆತುಹೋಗುವ ಅಪಾಯವಿದೆ.

ಧರ್ಮಸಭೆಯ ಪರಂಪರೆ ಇಂಥ ಮರೆವನ್ನು ಒಪ್ಪುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮನೆಯಿಂದ ದೂರ ಲಕ್ಷಾಂತರ ಜನ ಸತ್ತಾಗ, 1915ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ನವೆಂಬರ್ 2ರಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ನೀಡಿದರು. ಅವುಗಳಲ್ಲಿ ಒಂದು ಸಕಲ ಮೃತರಿಗಾಗಿ.

ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಭೇಟಿ ನೀಡಿ ಮೃತರಿಗಾಗಿ ಪ್ರಾರ್ಥಿಸುವವರಿಗೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ ಮೊದಲಾದ ಷರತ್ತುಗಳೊಂದಿಗೆ, ಮೃತರಿಗೆ ಅರ್ಪಿಸಬಹುದಾದ ಪೂರ್ಣ ಪಾಪದಂಡ ವಿಮೋಚನೆ ಇದೆ. ಕೋವಿಡ್ ಕಾರಣ 2020ರಲ್ಲಿ ಇದನ್ನು ಇಡೀ ತಿಂಗಳಿಗೆ ವಿಸ್ತರಿಸಲಾಗಿತ್ತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಿಯಮ ಹೇಳುವುದು ಸ್ಮಶಾನ ಎಂದು ಮಾತ್ರ. ನಿಮ್ಮವರನ್ನು ಹೂಳಿದ ಸ್ಮಶಾನವೇ ಆಗಬೇಕೆಂದು ಹೇಳುವುದಿಲ್ಲ. ಊರಿಗೆ ಬರಲಾಗದವರು ಹತ್ತಿರದ ಸ್ಮಶಾನದಲ್ಲಿ ಅಪರಿಚಿತರ ಸಮಾಧಿಯ ಮುಂದೆ ನಿಂತು ತಮ್ಮ ತಂದೆತಾಯಿಗಾಗಿ ಪ್ರಾರ್ಥಿಸಬಹುದು.

ದಹನವಾದವರ ಬಗ್ಗೆ ಕೆಲವರಲ್ಲಿ ಇನ್ನೂ ಕೊರಗಿದೆ. ಸಮಾಧಿ ಮಾಡುವುದೇ ಧರ್ಮಸಭೆಯ ಬಯಕೆ. ಆದರೆ ದಹನಕ್ಕೆ 1963ರಿಂದಲೇ ಅನುಮತಿ ಇದೆ. ಚಿತಾಭಸ್ಮವನ್ನು ಚೆಲ್ಲದೆ, ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರ ವ್ಯಾಟಿಕನ್ ಸೂಚನೆ ತಿಳಿಸುತ್ತದೆ. ಅವರ ಪುನರುತ್ಥಾನಕ್ಕೆ ಬೆಂಕಿ ಅಡ್ಡಿಯಲ್ಲ.

ನಮ್ಮ ವಿನಂತಿ ಇಷ್ಟೇ. ಕರಾವಳಿಯ ಧರ್ಮಕೇಂದ್ರಗಳು ಪರವೂರಿನಲ್ಲಿ ತೀರಿಕೊಂಡ ತಮ್ಮವರ ಹೆಸರುಗಳನ್ನು ಮನೆಯವರಿಂದ ಕೇಳಿ ಬರೆದುಕೊಳ್ಳಲಿ. ಬೆಂಗಳೂರಿನಲ್ಲಿರುವ ನಮ್ಮವರು ಆ ಎಂಟು ದಿನಗಳಲ್ಲಿ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಅಲ್ಲಿನ ಸ್ಮಶಾನಕ್ಕೆ ಹೋಗಲಿ. ಹುಲ್ಲು ಬೆಳೆದ ಒಂದು ಸಮಾಧಿಯನ್ನಾದರೂ ಶುಚಿಗೊಳಿಸಿ ಬತ್ತಿ ಹಚ್ಚಲಿ. ನಾವು ವಿಶ್ವಾಸ ಸಂಗ್ರಹದಲ್ಲಿ ಒಪ್ಪಿಕೊಳ್ಳುವ ಸಂತರ ಅನ್ಯೋನ್ಯತೆಗೆ ಊರು, ಪರವೂರು ಎಂಬ ಭೇದವಿಲ್ಲ. ಬಹುಶಃ ಅದೇ ಹೊತ್ತಿಗೆ ಊರಿನಲ್ಲಿ ಯಾರೋ ನಿಮ್ಮವರ ಸಮಾಧಿಗೂ ಒಂದು ಬತ್ತಿ ಹಚ್ಚುತ್ತಿರಬಹುದು.