ಹಾರಾಟ ಒಂದು ತಾಸು, ಪ್ರಯಾಣ ಒಂಬತ್ತು ತಾಸು



ಮನೆಯ ಹಿರಿಯರು ಲಿಂಗೈಕ್ಯರಾದಾಗ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಸುದ್ದಿ ಮುಟ್ಟಿಸುತ್ತೇವೆ. "ವಿಮಾನದಲ್ಲಿ ಒಂದೇ ತಾಸಿನ ದಾರಿ, ಬಂದುಬಿಡುತ್ತಾರೆ" ಎಂದು ನೆರೆದವರು ಸಮಾಧಾನ ಹೇಳುವುದುಂಟು. ಈ ಮಾತನ್ನೇ ನಂಬಿ ಸಮಾಧಿಯ ವೇಳೆಯನ್ನು ಗೊತ್ತುಪಡಿಸಿದರೆ, ಮಕ್ಕಳಿಗೆ ಕೊನೆಯ ದರ್ಶನವೇ ತಪ್ಪೀತು. ಆದ್ದರಿಂದ ಆ ಒಂದು ತಾಸಿನ ಅರ್ಥವೇನೆಂಬುದನ್ನು ಈ ಸಲ ವಿಚಾರಿಸೋಣ.

ದೇವನಹಳ್ಳಿಯ ಬಳಿಯಿರುವ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ಆಕಾಶಮಾರ್ಗದ ನೇರ ದೂರ ಸುಮಾರು 370 ಕಿಲೋಮೀಟರ್. ಕೆಲವೆಡೆ ಇದನ್ನೇ 200 ಎಂದು ಬರೆದಿರುವುದು ಕಾಣಬಹುದು. ಅದು ನಾಟಿಕಲ್ ಮೈಲಿನ ಲೆಕ್ಕ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್.

ತಾಸಿಗೆ 500 ಕಿಲೋಮೀಟರ್ ವೇಗದ ಸಣ್ಣ ವಿಮಾನಕ್ಕೂ ಈ ದೂರಕ್ಕೆ ಮುಕ್ಕಾಲು ತಾಸು ಸಾಕಲ್ಲವೇ ಎಂದು ಕೇಳಬಹುದು. ಆದರೆ ವಿಮಾನವು ನಿಂತ ಜಾಗದಿಂದ ರನ್‌ವೇಗೆ ಸಾಗಬೇಕು, ಮೇಲೇರಬೇಕು, ಸರದಿಯಂತೆ ಇಳಿಯಬೇಕು, ಮತ್ತೆ ನಿಲ್ಲುವ ಜಾಗಕ್ಕೆ ಬರಬೇಕು. ಟಿಕೆಟ್ಟಿನಲ್ಲಿ ಮುದ್ರಿತವಾಗುವ ಅವಧಿ ಇವೆಲ್ಲವನ್ನೂ ಒಳಗೊಂಡದ್ದು. ಆದ್ದರಿಂದಲೇ ಅದು ಒಂದೂಕಾಲು ತಾಸಿನವರೆಗೂ ಹೋಗುತ್ತದೆ.

ಇನ್ನು ನೆಲದ ಲೆಕ್ಕ. ಬೆಂಗಳೂರಿನ ಮನೆಯಿಂದ ದೇವನಹಳ್ಳಿಗೆ ಒಂದೂವರೆ ತಾಸು, ಸಾಮಾನು ಒಪ್ಪಿಸಿ ತಪಾಸಣೆ ಮುಗಿಸಲು ಒಂದೂವರೆ, ಹಾರಾಟಕ್ಕೆ ಒಂದೂಕಾಲು, ಹುಬ್ಬಳ್ಳಿಯಲ್ಲಿ ಇಳಿದು ಹೊರಬರಲು ಅರ್ಧ, ಅಲ್ಲಿಂದ ಮುದ್ದೇಬಿಹಾಳಕ್ಕೆ ರಸ್ತೆಯಲ್ಲಿ ಸುಮಾರು ನಾಲ್ಕು. ಒಟ್ಟು ಒಂಬತ್ತು ತಾಸಿಗೆ ಹತ್ತಿರ! ಅದೂ ಹೊರಟ ಗಳಿಗೆಗೆ ಸರಿಯಾಗಿ ವಿಮಾನವಿದ್ದರೆ ಮಾತ್ರ. ಸುದ್ದಿ ಬಂದೊಡನೆ ಕಾರಿನಲ್ಲಿ ಹೊರಟವರೂ ಒಂಬತ್ತು ಹತ್ತು ತಾಸಿನಲ್ಲಿ ಊರು ಸೇರುವರು. ಸಂಜೆಯ ಸುದ್ದಿಗೆ ಮರುದಿನದ ವಿಮಾನ ಕಾಯುವುದಕ್ಕಿಂತ ರಾತ್ರಿಯ ಬಸ್ಸೇ ಲೇಸು.

ಸಿಂದಗಿಯವರಿಗೆ 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿಯ ನಿಲ್ದಾಣ ಹತ್ತಿರ. ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಆದರೆ ಸಣ್ಣ ನಿಲ್ದಾಣಗಳಲ್ಲಿ ವಿಮಾನಸೇವೆ ತೊಡಗುವುದೂ ನಿಲ್ಲುವುದೂ ಉಂಟು. ಹತ್ತಿರದಲ್ಲಿ ನಿಲ್ದಾಣವಿದೆ ಎಂಬುದು ಬೇರೆ, ಇಂದು ಅಲ್ಲಿ ವಿಮಾನವಿದೆ ಎಂಬುದು ಬೇರೆ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಅವಶ್ಯ.

ವಿಜಯಪುರದ ಬಳಿಯ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಅಡಿಗಲ್ಲು ಇಡಲಾಯಿತು. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 455 ಕಿಲೋಮೀಟರ್, ಹುಬ್ಬಳ್ಳಿಗಿಂತ ಹೆಚ್ಚು. ಹಾರಾಟಕ್ಕೆ ಹತ್ತು ನಿಮಿಷ ಅಧಿಕವೇ ಹಿಡಿದೀತು. ಆದರೂ ಮುದ್ದೇಬಿಹಾಳದವರಿಗೆ ನೆಲದ ಮೇಲಿನ ಎರಡು ತಾಸು ಉಳಿಯುತ್ತದೆ. ಬಸವನ ಬಾಗೇವಾಡಿಯವರಿಗಂತೂ ನಿಲ್ದಾಣ ಸುಮಾರು ಒಂದು ತಾಸಿನ ದಾರಿಯಾಗುತ್ತದೆ. ಊರಿಗೆ ಹತ್ತಿರದ ನಿಲ್ದಾಣದಿಂದ ಕುಗ್ಗುವುದು ಆಕಾಶದ ಹೊತ್ತಲ್ಲ, ರಸ್ತೆಯ ಹೊತ್ತು.

ದುಬೈ ಮೊದಲಾದೆಡೆ ಇರುವವರ ವಿಷಯದಲ್ಲಿ ಇನ್ನೊಂದು ಮಾತು. ಟಿಕೆಟ್ಟಿನ ವೇಳೆಗಳು ಆಯಾ ಊರಿನ ಗಡಿಯಾರದವು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ರಾತ್ರಿ 10ಕ್ಕೆ ಹೊರಟು ಬೆಂಗಳೂರಿಗೆ ನಸುಕಿನ 3.30ಕ್ಕೆ ಬಂದರೆ ಹಾರಾಟ ನಾಲ್ಕೇ ತಾಸಿನದು. ಆದರೆ ಊರಿನವರು ಎಣಿಸಬೇಕಾದುದು ಆ 3.30ರಿಂದ ಮುಂದಿನ ದಾರಿಯನ್ನು.

ಹೊರಟವರನ್ನು "ವಿಮಾನ ಎಷ್ಟಕ್ಕೆ?" ಎಂದು ಕೇಳುವುದರ ಬದಲು "ಮನೆಯ ಹೊಸ್ತಿಲಿಗೆ ಎಷ್ಟಕ್ಕೆ?" ಎಂದು ಕೇಳಿರಿ. ಉತ್ತರ ಬಂದ ಮೇಲೆಯೇ ಬಂಧುಬಳಗಕ್ಕೆ ವೇಳೆ ತಿಳಿಸಿರಿ. ಅವಸರದಲ್ಲಿ ಇಟ್ಟ ಹೊತ್ತು ದುಃಖವನ್ನು ಹೆಚ್ಚಿಸದಿರಲಿ.